ಚಂದ್ರನ ಬಸ್ಸಿನ ಕಂಡಕ್ಟರನ ಹೆಸರು

ಕೆಂಜೆಕಾನಳಿಗೆ ಒಳ್ಳೆಯ ಸಿನಿಮಾ ಕಂಡರೆ ಆಗುತ್ತಿರಲಿಲ್ಲ. ಯುದ್ಧದ ಸಿನಿಮಾ, ಕಣ್ಣೀರಿನ ಸಿನಿಮಾ, ಪದಕ ಗೆದ್ದ ಸಿನಿಮಾ, ಇವೆಲ್ಲ ಬೇರೆಯವರಿಗಿರಲಿ ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಹಲಗೆಯ ಅರಮನೆ ಗಾಳಿಗೆ ಅಲುಗಾಡುವ ಸಿನಿಮಾ, ಖಳನಾಯಕನ ಮೀಸೆ ಅರ್ಧ ಕಿತ್ತು ಜೋತಾಡುತ್ತಿದ್ದರೂ ಅವನು ಗರ್ಜಿಸುವುದನ್ನು ನಿಲ್ಲಿಸದ ಸಿನಿಮಾ. ಶಾಲೆಯಲ್ಲಿ ಮಕ್ಕಳಿಗೆ ರಷ್ಯನ್ ಪಾಠ ಹೇಳುವ, ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟುವ, ಹಿರಿಯರೆದುರು ದನಿ ಏರಿಸದ ಸೊಸೆಗೆ ಈ ಹುಚ್ಚು ಎಲ್ಲಿಂದ ಹತ್ತಿತೋ ನಮ್ಮ ಕಿರ್ಗಿಜ್ ಬೆಟ್ಟದೂರು ಅತ್‌ಬಾಶಿಯಲ್ಲಿ ಯಾರಿಗೂ ತಿಳಿಯದು. ಹುಚ್ಚು ಹೇಳಿ ಕೇಳಿ ಹತ್ತುವುದಿಲ್ಲ, ಬಿಡಿ.

ಸೋವಿಯತ್ ಒಕ್ಕೂಟ ಒಡೆದ ಮರುವರ್ಷ ಅದು. ಹಳೆಯ ಕ್ಲಬ್ಬಿನ ಗ್ರಂಥಾಲಯದಲ್ಲಿ ಪುಸ್ತಕಗಳು ಮಾಯವಾಗಿ ಒಂದು ದೊಡ್ಡ ಟಿ.ವಿ., ಒಂದು ವಿ.ಸಿ.ಆರ್., ನಲವತ್ತು ಕುರ್ಚಿ ಬಂದಿದ್ದವು. ಅದನ್ನು ನಡೆಸುತ್ತಿದ್ದವನು ಮೆದೆರ್‌ಬೆಕ್, ಬಾಯಲ್ಲೇ ಬೆಟ್ಟ ಕಡಿಯುವ ಆಸಾಮಿ. ಹೊರಗಿನ ಕಂಬಕ್ಕೆ ಧ್ವನಿವರ್ಧಕ ಕಟ್ಟಿ, ಒಳಗೆ ನಡೆಯುವುದನ್ನೆಲ್ಲ ಭಾನುವಾರದ ಕುರಿ ಸಂತೆಗೆ ಕೇಳಿಸುತ್ತಿದ್ದ. ಕೇಳಿದವರು ಕುರಿಯನ್ನು ಕಟ್ಟಿಹಾಕಿ ನೋಡಲು ಬರುತ್ತಿದ್ದರು.

ಬಂದವರಿಗೆ ಒಂದು ತೊಂದರೆಯಿತ್ತು. ರಾಜಧಾನಿ ಬಿಶ್ಕೆಕ್‌ನಿಂದ ಬರುವ ಟೇಪುಗಳಲ್ಲೆಲ್ಲ ಮಾಸ್ಕೋದ ಯಾವನೋ ಒಬ್ಬನೇ ಮಾತಾಡುತ್ತಿದ್ದ. ನಾಯಕನಿಗೂ ಅವನೇ, ನಾಯಕಿಗೂ ಅವನೇ, ನಾಯಿಗೂ ಅವನೇ, ಅದೂ ಮೂಗು ಕಟ್ಟಿದ ರಷ್ಯನ್‌ನಲ್ಲಿ. ಬೆಟ್ಟದ ಕುರುಬರಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ಹಾಗಾಗಿ ಕೆಂಜೆಕಾನ್ ಟಿ.ವಿ. ಪಕ್ಕದ ಬೀರುವಿನ ಮರೆಯಲ್ಲಿ ಸ್ಟೂಲ್ ಹಾಕಿಕೊಂಡು, ಕೈಯಲ್ಲಿ ಮೈಕು ಹಿಡಿದು, ಎಲ್ಲವನ್ನೂ ನಮ್ಮ ಕಿರ್ಗಿಜ್ ಮಾತಿನಲ್ಲಿ ಹೇಳುತ್ತಿದ್ದಳು. ಸುಮ್ಮನೆ ಹೇಳುತ್ತಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ದನಿ ಕೊಡುತ್ತಿದ್ದಳು. ಪೊಲೀಸರಿಗೆ ಶಾಲೆಯ ಮುಖ್ಯೋಪಾಧ್ಯಾಯರ ದನಿ, ಮಾಟಗಾತಿಯರಿಗೂ ರಾಣಿಯರಿಗೂ ತನ್ನ ಓರಗಿತ್ತಿ ಬುರ್ಮಾಕಾನಳ ದನಿ. ಮನೆಯಲ್ಲಿ ಐದು ವರ್ಷ ನುಂಗಿಕೊಂಡ ಮಾತೆಲ್ಲ ಆ ಬೀರುವಿನ ಹಿಂದೆ ಹೊರಬರುತ್ತಿತ್ತು. ವಾರದಲ್ಲಿ ಆ ಎರಡು ಗಂಟೆ ಇಲ್ಲದಿದ್ದರೆ ತಾನು ಒಣಗಿಹೋಗುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಿನಿಮಾಕ್ಕೆ ಮೊದಲು ಎರಡು ಮೂರು ಹಾಡಿನ ವಿಡಿಯೋ ಹಾಕುವುದು ರೂಢಿ. ಅದರಲ್ಲೊಂದರಲ್ಲಿ ಬಿಳಿ ಸೂಟಿನ ಗಾಯಕ ಗುಡ್ಡದ ಮೇಲೆ ನಿಂತು ಕೈಬಿಟ್ಟು ಹೋದ ಪ್ರೇಯಸಿಗಾಗಿ ಎದೆ ಬಡಿದುಕೊಳ್ಳುತ್ತಾನೆ. ಹಿಂದೆ ಒಂದು ಕುರಿ ಮೊದಲಿನಿಂದ ಕೊನೆಯವರೆಗೂ ಕ್ಯಾಮೆರಾ ನೋಡುತ್ತ ಮೆಲುಕು ಹಾಕುತ್ತದೆ. ಊರಿನ ಹೆಂಗಸರು ಗಾಯಕನನ್ನು ನೋಡಿ ನಿಟ್ಟುಸಿರು ಬಿಟ್ಟರೆ ಕೆಂಜೆಕಾನ್ ಕುರಿಯ ಕಡೆ. “ಅವನು ಸುಳ್ಳು ಅಳ್ತಾನೆ. ಅದು ನಿಜವಾಗ್ಲೂ ತಿಂತಾ ಇದೆ,” ಎನ್ನುವುದು ಅವಳ ವಾದ.

ಆ ಸೆಪ್ಟೆಂಬರಿನಲ್ಲಿ ಮೆದೆರ್‌ಬೆಕ್ ಒಂದು ತುರ್ಕಿ ಟೇಪು ತಂದ. ‘ಚಂದ್ರಲೋಕದ ಬಸ್ಸು’. ನಗರದ ಬಸ್ ಕಂಡಕ್ಟರನೊಬ್ಬ ನಿದ್ದೆಗಣ್ಣಿನಲ್ಲಿ ತಪ್ಪು ಗಂಟೆ ಬಾರಿಸುತ್ತಾನೆ, ಬಸ್ಸು ಹಾರಿ ಚಂದ್ರನ ಮೇಲೆ ಇಳಿಯುತ್ತದೆ. ಚಂದ್ರನೆಂದರೆ ಹಿಟ್ಟು ಸುರಿದ ಅಂಗಳ. ಕಾವಲುಗಾರರ ತಲೆಯ ಮೇಲೆ ಜರಡಿ. ಕಂಡಕ್ಟರ್ ಅಡುಗೆಮನೆಯ ಬೋಗುಣಿಯನ್ನು ತಲೆಗೆ ಕವುಚಿಕೊಂಡು ಚಂದ್ರಲೋಕದವರಿಗೆ ಟಿಕೆಟ್ ಹರಿಯುತ್ತ ಓಡಾಡುತ್ತಾನೆ. ಆಕಾಶದಲ್ಲಿ ಭೂಮಿ ದಾರಕ್ಕೆ ತೂಗಾಡುತ್ತದೆ. ಒಮ್ಮೆ ದಾರ ಹಿಡಿದವನ ಕೈ ಕೂಡ ಕಾಣುತ್ತದೆ.

ಆ ಕೈಗೆ ಕೆಂಜೆಕಾನ್ ಸೋತುಹೋದಳು. “ದೊಡ್ಡ ಸಿನಿಮಾದಲ್ಲಿ ತಪ್ಪನ್ನೆಲ್ಲ ಮುಚ್ಚಿಡ್ತಾರೆ. ಇಲ್ಲಿ ನೋಡು, ಪಾಪ, ಯಾರೋ ಒಬ್ಬ ಕೈ ನೋವಾಗೋವರೆಗೂ ಇಡೀ ಭೂಮೀನ ಹಿಡ್ಕೊಂಡು ನಿಂತಿದಾನೆ. ನಗೂನೂ ಬರುತ್ತೆ, ಅವನಿಗೊಂದು ಬಟ್ಟಲು ಟೀ ಕೊಡೋಣ ಅಂತಾನೂ ಅನ್ಸುತ್ತೆ,” ಎಂದು ಮೆದೆರ್‌ಬೆಕ್‌ಗೆ ಹೇಳಿದ್ದಳು.

ಆದರೆ ಅವಳಿಗೊಂದು ಕೆಟ್ಟ ಹಟವಿತ್ತು. ಯಾವ ಟೇಪನ್ನೂ ಮೊದಲೇ ನೋಡುತ್ತಿರಲಿಲ್ಲ. ಮೊದಲೇ ನೋಡಿದರೆ ತನಗೇ ನಗು ಬರುವುದಿಲ್ಲ, ತನಗೆ ಬಾರದ ನಗುವನ್ನು ಊರಿಗೆ ಹೇಗೆ ಹಂಚಲಿ ಎನ್ನುತ್ತಿದ್ದಳು. ಆ ಹಟವೇ ಮುಳುವಾಯಿತು. ಕಂಡಕ್ಟರನ ಹೆಸರು ಜುಮಾಲಿ. ಅವಳ ಮಾವನ ಹೆಸರೂ ಅದೇ.

ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರುವ ಹಾಗಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಬೇರೊಂದು ಹೆಸರು ಹುಡುಕಿಕೊಂಡು, ಅವರು ತೀರಿಕೊಂಡ ಮೇಲೂ, ತಾನು ಮಣ್ಣಾಗುವವರೆಗೂ ಅದನ್ನೇ ಬಳಸಬೇಕು. ಜುಮಾಲಿ ಮುದುಕರು ಸಾಮೂಹಿಕ ಕೃಷಿಕೇಂದ್ರದ ಕುದುರೆಗಳನ್ನು ನಲವತ್ತು ವರ್ಷ ಮೇಯಿಸಿದವರು, ಸದಾ ಬೂದು ಕುದುರೆಯನ್ನೇ ಏರುವವರು. ಅದಕ್ಕೆ ಕೆಂಜೆಕಾನ್ ‘ಬೂದುಗುದುರೆಯವರು’ ಎಂದು ಕರೆದಿದ್ದಳು. ಅದು ಊರಿಗೆಲ್ಲ ಗೊತ್ತಿತ್ತು, ಊರೂ ಮೆಚ್ಚಿತ್ತು.

ಮೊದಲ ಪ್ರದರ್ಶನದ ದಿನ ಚಂದ್ರಲೋಕದ ರಾಣಿ ಬಾಗಿಲು ಒದ್ದು ಬಂದು ಕಂಡಕ್ಟರನ ಹೆಸರು ಹಿಡಿದು ಕಿರುಚಿದಾಗ ಯೋಚಿಸಲು ಹೊತ್ತಿರಲಿಲ್ಲ. ಐದು ವರ್ಷ ಪಳಗಿದ ನಾಲಿಗೆ ತಾನಾಗಿ ಹೊರಳಿತು: “ಎಲ್ಲಿ ಆ ಬೂದುಗುದುರೆಯವ್ರು? ಹಿಡ್ಕೊಂಡು ಬನ್ನಿ!” ತೆರೆಯ ಮೇಲೆ ಬೋಗುಣಿ ಹೊತ್ತ ಕಂಡಕ್ಟರ್ ಮೇಜಿನ ಕೆಳಗೆ ನುಸುಳಿದ. ನಲವತ್ತು ಕುರ್ಚಿಗಳೂ ಬಿದ್ದು ಬಿದ್ದು ನಕ್ಕವು. ಹೊರಗೆ ಕಂಬದ ಕೆಳಗೆ ಸಂತೆಯೂ ನಕ್ಕಿತು.

ನಿಜ ಹೇಳಬೇಕೆಂದರೆ ಕೆಂಜೆಕಾನಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಮುಂದಿನ ಭಾನುವಾರ ‘ಕಂಡಕ್ಟರು’ ಎಂದು ಹೇಳಿ ನೋಡಿದಳು. ಜನ ಬಿಡಲಿಲ್ಲ, “ಬೂದುಗುದುರೆ! ಬೂದುಗುದುರೆ!” ಎಂದು ನೆಲ ಕುಟ್ಟಿದರು. ಅವಳೂ ಕೊಟ್ಟಳು. ಮಾವ ಕ್ಲಬ್ಬಿನ ಕಡೆ ಕಾಲಿಟ್ಟವರಲ್ಲ, ಯಾರು ಹೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು. ಐದು ಭಾನುವಾರ ಹಾಗೇ ನಡೆಯಿತು. ಸಿನಿಮಾ ಬಾಯಿಪಾಠವಾದವರು ಮನೆಯಿಂದ ಬೋಗುಣಿ ತಂದು ತಲೆಗೆ ಕವುಚಿಕೊಂಡು ಕೂರುವ ಮಟ್ಟಕ್ಕೆ ಹೋಯಿತು.

ಬೆಕ್ಕಿಗೆ ಗಂಟೆ ಕಟ್ಟಿದವಳು ಬುರ್ಮಾಕಾನ್. ರಾಣಿಯ ದನಿ ಯಾರದೆಂದು ಅವಳಿಗೆ ತಡವಾಗಿಯಾದರೂ ತಿಳಿದಿತ್ತು. ಒಂದು ಶನಿವಾರ ಸಂಜೆ ಮಾವನ ಮನೆಗೆ ಬಂದು ಕೂತು, ಬ್ರೆಡ್ಡು ಮುರಿದು ಬಾಯಿಗಿಟ್ಟುಕೊಂಡು ಶುರುಮಾಡಿದಳು.

“ಮಾವಯ್ಯ, ನಿಮಗೆ ಗೊತ್ತೇ ಇಲ್ವಾ? ನಿಮ್ಮ ಸೊಸೆ ನಿಮ್ಮ ತಲೆ ಮೇಲೆ ಬೋಗುಣಿ ಇಟ್ಟು ಟಿ.ವಿ.ನಲ್ಲಿ ಕುಣಿಸ್ತಿದಾಳಂತೆ. ಇಡೀ ಸಂತೆ ನಗುತ್ತೆ. ನನಗೇನು, ನನಗೆ ಹೊಟ್ಟೆ ಉರಿಯುತ್ತೆ ಅಷ್ಟೇ.”

ಮುದುಕರು ಚಾಕುವಿನಿಂದ ಚರ್ಮದ ಪಟ್ಟಿ ಕೊಯ್ಯುತ್ತಿದ್ದರು. ತಲೆ ಎತ್ತಲಿಲ್ಲ.

“ಯಾವ ಹೊತ್ತಿಗೆ?”

“ಏನು ಯಾವ ಹೊತ್ತಿಗೆ?”

“ಕುಣ್ಸೋದು.”

“ನಾಳೆ ಮೂರು ಗಂಟೆಗೆ,” ಎಂದಳು ಬುರ್ಮಾಕಾನ್. ಅವಳ ಉತ್ಸಾಹವೂ ಸ್ವಲ್ಪ ಇಳಿದಿತ್ತು.

ಕೆಂಜೆಕಾನ್ ಒಲೆಯ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಮಾವ ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಅವರು ಬೈಯಲಿಲ್ಲ. ಲಾರಿ ಓಡಿಸುವ ಗಂಡ ಎಸೆನ್‌ಕುಲ್ ಗಡಿಯ ದಾರಿಯಿಂದ ಆಗಷ್ಟೇ ಬಂದಿದ್ದ. ಒಳಗೆ ಕರೆದು ಹೇಳಿದ: “ನನಗೇನೂ ತಕರಾರಿಲ್ಲ ಕಣೇ. ಆದ್ರೆ ಅಪ್ಪ ನಾಳೆ ಬೇಡ ಅಂದ್ರೆ ಬೇಡ. ಆಮೇಲೆ ನನ್ನ ಹತ್ರ ಬಂದು ಅಳಬೇಡ, ಆ ಮೈಕು ಮರೆತುಬಿಡು.”

ಬೆಳಿಗ್ಗೆ ಮಾವನಿಗೆ ಟೀ ಹಾಕುವಾಗ ಅವಳ ಕೈ ಅವಳ ಮಾತು ಕೇಳಲಿಲ್ಲ. ಟೀ ಬಟ್ಟಲಿಗೆ ಕಾಲು ಭಾಗ ಹಾಕುವುದು ಗೌರವ, ಮತ್ತೆ ಮತ್ತೆ ಹಾಕಿಸಿಕೊಳ್ಳಲಿ, ಕೂತಿರಲಿ ಎಂದು. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗಿ ಎಂದು. ಅವಳು ಬಟ್ಟಲಿನ ಅಂಚಿನವರೆಗೂ ತುಂಬಿಸಿಬಿಟ್ಟಿದ್ದಳು. ಮುದುಕರು ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು. ಒಂದು ಹನಿ ಚೆಲ್ಲದೆ ಪೂರ್ತಿ ಕುಡಿದರು. ಎದ್ದು ಕುದುರೆಗೆ ಜೀನು ಬಿಗಿಯಲು ಹೋದರು.

ಮೂರಕ್ಕೆ ಹತ್ತು ನಿಮಿಷವಿರುವಾಗ ಮೆದೆರ್‌ಬೆಕ್ ಬೀರುವಿನ ಹಿಂದೆ ಬಂದು ಪಿಸುಗುಟ್ಟಿದ.

“ಅಕ್ಕಾ, ಟೇಪು ಸಿಕ್ಕಾಕ್ಕೊಂಡು ಹರಿದೋಯ್ತು ಅಂದುಬಿಡ್ತೀನಿ. ಕರಾಟೆದು ಹಾಕೋಣ. ಕರಾಟೆಯವ್ರ ಹೆಸರಿನ ಮಾವ ಯಾರ ಮನೇಲೂ ಇಲ್ಲ.”

ಅವಳು ಹೂಂ ಎನ್ನುವಷ್ಟರಲ್ಲಿ ಬಾಗಿಲಿನಲ್ಲಿ ಬೆಳಕು ಮಸುಕಾಯಿತು. ಹೊರಗೆ ಧ್ವನಿವರ್ಧಕದ ಕಂಬಕ್ಕೆ ಬೂದು ಕುದುರೆ ಕಟ್ಟಿತ್ತು. ಬಿಳಿ ಉಣ್ಣೆಯ ಟೊಪ್ಪಿಗೆ, ಕೈಯಲ್ಲಿ ಚಾಟಿ, ಜುಮಾಲಿ ಮುದುಕರು ಒಳಗೆ ಬಂದರು. ಮಾತು ಅಲ್ಲಲ್ಲೇ ಸತ್ತಿತು. ಬೋಗುಣಿ ಹೊತ್ತವರು ಮೆಲ್ಲಗೆ ತೆಗೆದು ಕುರ್ಚಿಯ ಕೆಳಗಿಟ್ಟರು. ಒಂದು ಉರುಳಿ ಸದ್ದು ಮಾಡಿತು.

“ಕೂತ್ಕೊಳ್ಳಿ ಅಜ್ಜಾ, ಇವತ್ತು ಕರಾಟೆದು,” ಎಂದ ಮೆದೆರ್‌ಬೆಕ್.

“ಆ ಬಸ್ಸಿಂದು ಹಾಕು,” ಎಂದರು ಅವರು. ಮೊದಲ ಸಾಲಿನ ನಟ್ಟ ನಡುವೆ ಕೂತು ಚಾಟಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡರು.

ಬೀರುವಿನ ಮರೆಯಿಂದ ಕೆಂಜೆಕಾನಳಿಗೆ ಅವರ ಬೂಟುಗಳು ಕಾಣುತ್ತಿದ್ದವು. ಎದ್ದು ಹಿಂಬಾಗಿಲಿನಿಂದ ಓಡಿಹೋಗೋಣ ಎನಿಸಿತು. ಓಡಿದರೆ ಬುರ್ಮಾಕಾನ್ ಹೇಳಿದ್ದೆಲ್ಲ ದಿಟವಾಗುತ್ತಿತ್ತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬಸ್ಸು ಹೊರಟಿತು. ಹೆಸರು ಬಂದಲ್ಲೆಲ್ಲ ಅವಳು ‘ಕಂಡಕ್ಟರು’ ಎಂದಳು. ಯಾರೂ ನೆಲ ಕುಟ್ಟಲಿಲ್ಲ. ಹಾಗೆಂದು ನಗಲೂ ಇಲ್ಲ. ಬಸ್ಸು ಹಾರಿದಾಗ ಒಬ್ಬ ಕೆಮ್ಮಿದ. ಜರಡಿಯ ಕಾವಲುಗಾರರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಾಗ ಒಬ್ಬಳು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಭೂಮಿ ಹಿಡಿದ ಆ ಕೈ ಬಂತು, ಹೋಯಿತು. ತನ್ನ ಪ್ರೀತಿಯ ಸಿನಿಮಾ ತನ್ನ ಬಾಯಲ್ಲೇ ಸಾಯುತ್ತಿದೆ ಎಂದು ಕೆಂಜೆಕಾನಳಿಗೆ ಸಂಕಟವಾಯಿತು. ಮಾವನ ಬೂಟುಗಳು ಅಲುಗಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಮುಂದೆ ಕಾದಿತ್ತು, ಅದು ಅವಳಿಗೂ ಗೊತ್ತಿತ್ತು, ಇಡೀ ಕೋಣೆಗೂ ಗೊತ್ತಿತ್ತು. ಚಂದ್ರಲೋಕದ ನ್ಯಾಯಾಲಯ ಬರುವುದಿತ್ತು.

ಬಂತು. ತಲೆಗೆ ದೊಡ್ಡ ಜರಡಿ ಹೊತ್ತ ನ್ಯಾಯಾಧೀಶ ಎದ್ದುನಿಂತ. ಕೆಂಜೆಕಾನ್ ಅವನ ಮಾತು ಹೇಳಿದಳು.

“ಇಲ್ಲಿ ಕೆಲಸ ಗಿಲಸ ಲೆಕ್ಕಕ್ಕಿಲ್ಲ. ಕಂಡಕ್ಟರಂತೆ, ಮಂತ್ರಿಯಂತೆ, ಎಲ್ಲಾ ಭೂಮೀಲೇ ಬಿಟ್ಟು ಬನ್ನಿ. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಮೂರು ಸಲ ಕೂಗ್ತೀನಿ. ಮೂರನೇ ಕೂಗಿಗೂ ‘ಇದ್ದೀನಿ’ ಅನ್ನದೋನು ಇಲ್ಲದೋನೇ. ಅವನನ್ನ ಚಂದ್ರನಿಂದ ಕೆಳಕ್ಕೆ ತಳ್ಳಿಬಿಡಿ.”

ಕಂಡಕ್ಟರ್ ಬೆಂಚಿನ ಕೆಳಗೆ ನುಗ್ಗಿದ. ನ್ಯಾಯಾಧೀಶ ಕೂಗಿದ. “ಜುಮಾಲಿ!” ತುರ್ಕಿಯಲ್ಲಿ ಗಟ್ಟಿಯಾಗಿ, ಅದರ ಮೇಲೆ ಮೂಗು ಕಟ್ಟಿದ ರಷ್ಯನ್‌ನಲ್ಲಿ ಇನ್ನೊಮ್ಮೆ. ಈಗ ಅವಳ ಸರದಿ. ಅವಳು ಸುಮ್ಮನಾದಳು. ಕೋಣೆಯಲ್ಲಿ ಟೇಪಿನ ಉಜ್ಜುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಇಲ್ಲಿ ‘ಕಂಡಕ್ಟರು’ ಎನ್ನುವಂತಿಲ್ಲ, ಅದನ್ನು ಅವಳ ಬಾಯಲ್ಲೇ ನ್ಯಾಯಾಧೀಶ ಈಗ ತಾನೇ ಅಲ್ಲಗಳೆದಿದ್ದ. ‘ಬೂದುಗುದುರೆಯವರು’ ಎಂದರೆ ಮುಂದೆ ಕೂತ ಹಿರಿಯರ ತಲೆಗೆ ಎಲ್ಲರೆದುರು ಬೋಗುಣಿ ಇಟ್ಟಂತೆ. ಹೆಸರನ್ನೇ ಹೇಳಿದರೆ ಆ ಮನೆಯ ಹೊಸ್ತಿಲು ಮತ್ತೆ ದಾಟುವ ಮುಖ ಉಳಿಯದು.

“ಜುಮಾಲಿ!” ಎರಡನೆಯ ಕೂಗು. ಅವಳು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಹಿಂದಿನ ಸಾಲಿನಲ್ಲಿ ಯಾರೋ “ಅಯ್ಯೋ ಪಾಪ” ಎಂದರು. ಬೂಟುಗಳು ಅಲುಗಿದವು. ಮುದುಕರು ಎದ್ದು ನಿಂತರು. ಚಾಟಿ ಕೈಯಲ್ಲೇ ಇತ್ತು. ಹೋಗುತ್ತಾರೆ, ಎಲ್ಲ ಮುಗಿಯಿತು ಎಂದುಕೊಂಡಳು.

“ಜುಮಾಲಿ!”

“ಇದ್ದೀನಿ ಕಣಯ್ಯಾ!” ಎಂದು ಮುದುಕರು ಟಿ.ವಿ.ಗೆ ಗುಡುಗಿದರು. “ಇದ್ದೀನಿ! ಮೂರು ಮೂರು ಸಲ ಯಾಕೆ ಬಡ್ಕೋತೀಯ, ನನಗೇನು ಕಿವುಡಾ?”

ಅದೇ ಹೊತ್ತಿಗೆ ತೆರೆಯ ಮೇಲೆ ಬೆಂಚಿನ ಹಿಂದಿನಿಂದ ಬೋಗುಣಿ ಹೊತ್ತ ತಲೆ ಮೇಲೆದ್ದಿತು. ನಗಬೇಕೋ ಓಡಬೇಕೋ ತಿಳಿಯದೆ ಎಲ್ಲರೂ ಮುದುಕರ ಬೆನ್ನನ್ನೇ ನೋಡುತ್ತಿದ್ದರು. ಆ ಬೆನ್ನು ಕುಲುಕಿತು. ಅವರು ನಗುತ್ತಿದ್ದರು. ಆಮೇಲೆ ಆ ಕೋಣೆಯಲ್ಲಿ ಎದ್ದ ನಗುವಿಗೆ ಹೊರಗಿನ ಕುದುರೆ ಹೆದರಿ ಹಗ್ಗ ಜಗ್ಗಿತಂತೆ.

ಮುದುಕರು ಕೂತುಕೊಂಡು ಬೀರುವಿನ ಕಡೆ ತಿರುಗಿದರು. “ನಡೆಸು ಮಗಳೇ. ನಿನ್ನ ಬಾಯಿಗೆ ಬರಬಾರದ್ದು ಬಂದಾಗ ಸುಮ್ನಾಗು, ಅಲ್ಲಿ ನಾನಿದೀನಿ.”

ಉಳಿದ ಸಿನಿಮಾ ಹಾಗೇ ನಡೆಯಿತು. ರಾಣಿಯೂ ನ್ಯಾಯಾಧೀಶನೂ ಕಾವಲುಗಾರರೂ ಅವಳ ದನಿಯಲ್ಲಿ ಬೈದರು, ಕಿರುಚಿದರು. ಹೆಸರು ಬಂದಾಗ ಅವಳು ನಿಲ್ಲಿಸಿದಳು, ಮೊದಲ ಸಾಲಿನಿಂದ ಒಂದು ಮುದಿ ದನಿ “ಜುಮಾಲಿ!” ಎಂದು ತನ್ನನ್ನು ತಾನೇ ಕೂಗಿಕೊಂಡಿತು. ಒಂದೆರಡು ಸಲ ಹೊತ್ತಿಗೆ ಮೊದಲೇ ಕೂಗಿತು. ಮೂರು ಸಲ ಹೆಸರಿಲ್ಲದ ಕಡೆಯೂ ಕೂಗಿತು. ಬೀರುವಿನ ಹಿಂದೆ ಕೆಂಜೆಕಾನ್ ನಗುತ್ತ ಅಳುತ್ತಿದ್ದಳು, ಯಾವುದು ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ.

ಮನೆಗೆ ಬಂದು ಅವಳು ಬಟ್ಟಲಿಗೆ ಕಾಲು ಭಾಗವಷ್ಟೇ ಟೀ ಹಾಕಿಕೊಟ್ಟಳು. ಅವರು ಕುಡಿದು ಮುಂದೆ ಚಾಚಿದರು, ಮತ್ತೆ ಹಾಕಿದಳು. ಹಾಗೆ ಏಳು ಬಟ್ಟಲಾಯಿತು.

“ಆ ರಾಣಿದು ನಮ್ಮ ಬುರ್ಮಾಕಾನ್ ದನಿಯಲ್ವಾ?”

“ಹೌದು ಮಾವಯ್ಯ. ತಪ್ಪಾಯ್ತು.”

“ತಪ್ಪೇನಿಲ್ಲ. ಇನ್ನೂ ಚೂರು ಕೀರಲು ಮಾಡು.” ಸ್ವಲ್ಪ ಹೊತ್ತು ಬಟ್ಟಲನ್ನು ಕೈಯಲ್ಲೇ ತಿರುಗಿಸಿದರು. “ನೋಡು ಮಗಳೇ, ನಿಮ್ಮತ್ತೆ ನನ್ನ ಹೆಸರು ಹೇಳ್ತಿರಲಿಲ್ಲ. ಸೊಸೆಯರು ಹೇಳೋ ಹಾಗಿಲ್ಲ. ಊರಿಗೆಲ್ಲ ನಾನು ಅಜ್ಜ. ಹೆಸರು ಹಿಡಿದು ಕರೀತಿದ್ದೋನು ನನ್ನ ಓರಗೆಯ ಕಾಸಿಮ್ ಒಬ್ಬ ಉಳಿದಿದ್ದ, ಅವನೂ ಹೋದ ಚಳಿಗಾಲ ಹೋಗಿಬಿಟ್ಟ. ವರ್ಷ ಆಗ್ತಾ ಬಂತು ನನ್ನನ್ನ ಯಾರೂ ಕರೆದಿಲ್ಲ. ಇವತ್ತು ಆ ಪೆಟ್ಟಿಗೆಯೊಳಗಿನೋರು ಎಷ್ಟು ಗಟ್ಟಿಯಾಗಿ ಕರೆದ್ರು ನೋಡಿದ್ಯಾ?” ಬಟ್ಟಲನ್ನು ಮತ್ತೆ ಚಾಚಿದರು. “ಮತ್ತೆ ಯಾವತ್ತು ಹಾಕ್ತೀರ ಅದನ್ನ?”

ಅವರು ಇನ್ನೂ ಮೂರು ಚಳಿಗಾಲ ಬದುಕಿದರು. ತಿಂಗಳಿಗೊಮ್ಮೆ ‘ಚಂದ್ರಲೋಕದ ಬಸ್ಸು’ ಹೊರಡುತ್ತಿತ್ತು. ನಾರಿನ್ ಪಟ್ಟಣದಿಂದಲೂ ಜನ ಬೋಗುಣಿ ಹಿಡಿದು ಬರುತ್ತಿದ್ದರು. ಮುದುಕರಿಗೆ ಮೊದಲ ಸಾಲಿನ ನಡುವಿನ ಕುರ್ಚಿ ಮೀಸಲು. ಬರಬರುತ್ತ ಅವರು ಪಳಗಿದ ಕಲಾವಿದರಾಗಿ, ಮೂರನೆಯ ಕೂಗಿಗೆ ಬೇಕೆಂದೇ ತಡಮಾಡಿ ಜನರನ್ನು ಕಾಯಿಸುತ್ತಿದ್ದರು.

ಮೂರನೆಯ ಚಳಿಗಾಲದ ಕೊನೆಗೆ, ಮಾರ್ಚಿನಲ್ಲಿ ಅವರು ತೀರಿಕೊಂಡರು. ನಲವತ್ತನೆಯ ದಿನದ ಊಟ ಮುಗಿದ ಮೇಲಿನ ಭಾನುವಾರ ಮೆದೆರ್‌ಬೆಕ್ ಕೇಳಿದ, “ಅಕ್ಕಾ, ಆ ಟೇಪು ಇನ್ನು ಹಾಕೋದು ಬೇಡ್ವಾ?” ನೋಡಿ ಹೇಳುತ್ತೇನೆ ಎಂದು ಕೆಂಜೆಕಾನ್ ಮಧ್ಯಾಹ್ನ ಒಬ್ಬಳೇ ಒಳಗೆ ಹೋದಳು. ಟೇಪು ಹಾಕಿ, ಬೀರುವಿನ ಹಿಂದಿನ ಸ್ಟೂಲ್ ಮೇಲೆ ಕೂತು, ಅಭ್ಯಾಸಬಲದಿಂದ ಮೈಕು ಕೈಗೆತ್ತಿಕೊಂಡಳು.

ನ್ಯಾಯಾಲಯ ಬಂತು. ಮೊದಲ ಕೂಗು. ಅವಳು ನಿಲ್ಲಿಸಿದಳು. ಎರಡನೆಯ ಕೂಗು. ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಮೂರನೆಯ ಕೂಗಿಗೂ ‘ಇದ್ದೀನಿ’ ಎನ್ನದವನು ಇಲ್ಲದವನೇ ಎಂದು ತನ್ನ ಬಾಯಲ್ಲೇ ಎಷ್ಟು ಸಲ ಹೇಳಿ ನಗಿಸಿದ್ದಳು. ಇನ್ನು ಈ ಭೂಮಿಯ ಮೇಲೆ ಅವರನ್ನು ಹೆಸರು ಹಿಡಿದು ಕರೆಯುವವರು ಯಾರು? ಅವಳಿಗೆ ತಡೆಯಲಾಗಲಿಲ್ಲ.

“ಜುಮಾಲಿ!” ಎಂದು ಕೂಗಿದಳು. ಎಂಟು ವರ್ಷದಲ್ಲಿ ಮೊದಲ ಸಲ. “ಜುಮಾಲಿ! ಜುಮಾಲೀ!”

ಕೂಗಿ ಮುಗಿದ ಮೇಲೆ ನೋಡುತ್ತಾಳೆ, ಮೈಕಿನ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿದೆ. ಮೆದೆರ್‌ಬೆಕ್ ಬೆಳಿಗ್ಗೆಯೇ ಹೊರಗಿನ ಧ್ವನಿವರ್ಧಕ ಹಾಕಿಬಿಟ್ಟಿದ್ದ.

ಬಾಗಿಲು ತೆರೆದು ಹೊರಗೆ ಬಂದಳು. ಸಂತೆ ನಿಂತುಬಿಟ್ಟಿತ್ತು. ಕುರಿಯ ಕೊರಳ ಹಗ್ಗ ಹಿಡಿದವರು ಹಿಡಿದ ಹಾಗೇ ಇದ್ದರು. ಕಂಬದ ಕೆಳಗೇ, ಉಪ್ಪಿನ ಚೀಲ ತೋಳಿಗಾನಿಸಿಕೊಂಡು ಬುರ್ಮಾಕಾನ್ ನಿಂತಿದ್ದಳು. ಕೆಂಜೆಕಾನ್ ತಲೆ ತಗ್ಗಿಸಿದಳು. ಬೈಗುಳ ಬರಲಿ ಎಂದು ಕಾದಳು.

ಬುರ್ಮಾಕಾನ್ ಅವಳ ಜಾರಿದ ತಲೆವಸ್ತ್ರವನ್ನು ಸರಿಮಾಡಿದಳು. “ನಡಿ, ಮನೇಗೆ ಹೋಗೋಣ. ಟೀ ಮಾಡ್ತೀನಿ,” ಎಂದಳು. ಊರಿನ ಸುದ್ದಿಯನ್ನೆಲ್ಲ ಊರಿಗೆ ಹಂಚುವ ಆ ಹೆಂಗಸು, ಅದೊಂದನ್ನು ಮಾತ್ರ ಇವತ್ತಿನವರೆಗೂ ಯಾರ ಹತ್ತಿರವೂ ಆಡಿಲ್ಲ.